ಲಗೋರಿ ಆಡಿದ ಯಂತ್ರಗಳು: ವಿದ್ಯಾರ್ಥಿಗಳ ರೋಬೋಟ್‌ಗಳು ತೋರಿದ ಅನಿರೀಕ್ಷಿತ ನಡೆಗಳು

ಶಲವಡಿಯಂತಹ ನಮ್ಮ ಊರುಗಳಲ್ಲಿ ಲಗೋರಿ ಆಡದೆ ಬೆಳೆದವರು ವಿರಳ. ಚಪ್ಪಟೆಯಾದ ಕಲ್ಲುಗಳನ್ನು ಆಯ್ದು ತಂದು ಒಂದರ ಮೇಲೊಂದು ಪೇರಿಸುವುದು, ಚೆಂಡೆಸೆದು ಅವನ್ನು ಉರುಳಿಸುವುದು, ಎದುರು ತಂಡದವರ ಚೆಂಡಿನ ಪೆಟ್ಟಿಗೆ ಸಿಕ್ಕದಂತೆ ತಪ್ಪಿಸಿಕೊಳ್ಳುತ್ತ ಮತ್ತೆ ಅವನ್ನು ಪೇರಿಸಿ ನಿಲ್ಲಿಸುವುದು. ಇಷ್ಟೇ ಆ ಆಟ. ಕಾಸಿನ ಖರ್ಚಿಲ್ಲದ, ಒಂದು ಅಂಗಳವಿದ್ದರೆ ಸಾಕಾಗುವ ಈ ಆಟವನ್ನು 2022ರ ಆಗಸ್ಟ್ 21ರಂದು ನವದೆಹಲಿಯಲ್ಲಿ ಯಂತ್ರಗಳು ಆಡಿದವು. ಏಷ್ಯಾ-ಪೆಸಿಫಿಕ್ ಪ್ರಸಾರ ಒಕ್ಕೂಟದ ‘ರೋಬೋಕಾನ್’ ಸ್ಪರ್ಧೆಗೆ ಆ ವರ್ಷ ಭಾರತವೇ ಆತಿಥೇಯ ರಾಷ್ಟ್ರ. ಸ್ಪರ್ಧೆಗೆ ಕೊಟ್ಟ ವಿಷಯ ಲಗೋರಿ. ವಿದ್ಯಾರ್ಥಿಗಳು ತಾವೇ ನಿರ್ಮಿಸಿದ ರೋಬೋಟ್‌ಗಳು ಚೆಂಡೆಸೆದು ಬಿಲ್ಲೆಗಳ ರಾಶಿಯನ್ನು ಕೆಡವಬೇಕು, ಕೆಡವಿದ್ದನ್ನು ಮತ್ತೆ ಪೇರಿಸಬೇಕು, ಎದುರಾಳಿ ರೋಬೋಟ್ ತಲೆಯ ಮೇಲೆ ಹೊತ್ತ ಚೆಂಡಿಗೆ ಗುರಿಯಿಟ್ಟು ಹೊಡೆಯಬೇಕು.

ನಮ್ಮ ಮಕ್ಕಳು ಯೋಚಿಸದೆಯೇ ಮಾಡುವ ಈ ಕೆಲಸ ಯಂತ್ರಕ್ಕೆ ಎಷ್ಟು ಕಠಿಣವೆಂಬುದನ್ನು ಗಮನಿಸಬೇಕು. ಉರುಳಿದ ಕಲ್ಲು ಎಲ್ಲಿ ಬಿದ್ದಿದೆ, ಅಡ್ಡಲಾಗಿ ಬಿದ್ದಿದೆಯೋ ಕವುಚಿ ಬಿದ್ದಿದೆಯೋ, ದೊಡ್ಡದು ಯಾವುದು, ಸಣ್ಣದು ಯಾವುದು, ಯಾವುದನ್ನು ಮೊದಲು ಎತ್ತಬೇಕು ಎಂಬುದನ್ನು ಹತ್ತು ವರ್ಷದ ಹುಡುಗಿ ಒಂದೇ ನೋಟಕ್ಕೆ ಅರಿಯುತ್ತಾಳೆ. ಅಷ್ಟನ್ನು ಯಂತ್ರಕ್ಕೆ ತಿಳಿಸಲು ಪದವಿ ವಿದ್ಯಾರ್ಥಿಗಳ ತಂಡವೊಂದು ತಿಂಗಳುಗಟ್ಟಲೆ ದುಡಿಯಬೇಕಾಗುತ್ತದೆ. ಹಾಗಿದ್ದರೂ ಇಂತಹ ಸ್ಪರ್ಧೆಗಳ ಇತಿಹಾಸದಲ್ಲಿ ಜನರ ನೆನಪಿನಲ್ಲಿ ಉಳಿದವು ಹೆಚ್ಚು ವೇಗದ ಯಂತ್ರಗಳಲ್ಲ, ಹೆಚ್ಚು ಬೆಲೆಯ ಯಂತ್ರಗಳೂ ಅಲ್ಲ. ನೆರೆದವರಾರೂ ಊಹಿಸದ ಒಂದು ನಡೆಯನ್ನು ತೋರಿದ ಯಂತ್ರಗಳೇ ಉಳಿದಿವೆ. ಅಂತಹ ನಡೆ ಎಲ್ಲಿಂದ ಹುಟ್ಟುತ್ತದೆ, ಅದರಿಂದ ನಮ್ಮ ಹಳ್ಳಿಯ ಮಕ್ಕಳು ಕಲಿಯಬೇಕಾದುದೇನು ಎಂಬುದೇ ಈ ಲೇಖನದ ವಿಚಾರ.

ಸ್ಪರ್ಧೆಯ ಮೂಲದಲ್ಲಿರುವ ಆಶಯ

ರೋಬೋಕಾನ್ ಪರಂಪರೆಯ ಮೂಲಪುರುಷರು ಟೋಕಿಯೋ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕರಾಗಿದ್ದ ಮಸಾಹಿರೊ ಮೋರಿ. ಯಂತ್ರಶಾಸ್ತ್ರದಲ್ಲಿ ಪಂಡಿತರಾದ ಅವರು ಬುದ್ಧನ ತತ್ತ್ವವನ್ನೂ ರೋಬೋಟ್‌ಗಳನ್ನೂ ಜೊತೆಯಾಗಿಟ್ಟು ಪುಸ್ತಕ ಬರೆದ ಚಿಂತಕರು ಕೂಡ. ಪಾಠ ಕೇಳಿ ಪರೀಕ್ಷೆ ಬರೆಯುವುದರಲ್ಲೇ ವಿದ್ಯಾರ್ಥಿಗಳ ಉತ್ಸಾಹ ಬತ್ತಬಾರದೆಂದು, ಎರಡೇ ಒಣ ಬ್ಯಾಟರಿಗಳ ಶಕ್ತಿಯಿಂದ ಒಬ್ಬ ಮನುಷ್ಯನನ್ನು ಹೊತ್ತು ಸಾಗುವ ವಾಹನವನ್ನು ಕಟ್ಟಿರೆಂದು ಅವರು ಕೇಳಿದರು. ಈ ಪ್ರಯೋಗದ ಪ್ರೇರಣೆಯಿಂದ 1988ರಲ್ಲಿ ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ತಾಂತ್ರಿಕ ಕಾಲೇಜುಗಳ ವಿದ್ಯಾರ್ಥಿಗಳಿಗಾಗಿ ಸ್ಪರ್ಧೆಯನ್ನು ಆರಂಭಿಸಿತು. 2002ರಲ್ಲಿ ಟೋಕಿಯೋದಲ್ಲಿ ನಡೆದ ಮೊದಲ ಪಂದ್ಯಾವಳಿಯೊಂದಿಗೆ ಅದು ಏಷ್ಯಾ-ಪೆಸಿಫಿಕ್ ವಲಯಕ್ಕೆ ಹಬ್ಬಿತು. ಭಾರತದಲ್ಲಿ ದೂರದರ್ಶನವು ಇದನ್ನು ನಡೆಸಿಕೊಂಡು ಬಂದಿತು. 2008ರಲ್ಲಿ ಪುಣೆಯಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆ ನಡೆದಾಗ ಮೊಸರು ಕುಡಿಕೆಯ ಗೋವಿಂದನ ಆಟವೇ ವಿಷಯವಾಗಿತ್ತು. 2014ರಲ್ಲಿ ಮತ್ತೆ ಪುಣೆಯಲ್ಲೇ ನಡೆದಾಗ ತಂದೆತಾಯಿಗಳಿಗೆ ನಮನ ಎಂಬ ವಿಷಯದಡಿ ದೊಡ್ಡ ರೋಬೋಟ್ ಸಣ್ಣ ರೋಬೋಟನ್ನು ಮಗುವಿನಂತೆ ಎತ್ತಿಕೊಂಡು ಆಡಿಸಿತು.

ಜಪಾನಿನ ಈ ಸ್ಪರ್ಧೆಯಲ್ಲಿ ಒಂದು ವಿಶೇಷ ಪದ್ಧತಿಯಿದೆ. ಪಂದ್ಯಗಳನ್ನು ಗೆದ್ದ ತಂಡಕ್ಕೆ ವಿಜಯದ ಪದಕ ಸಲ್ಲುತ್ತದೆ. ಆದರೆ ಅದಕ್ಕಿಂತಲೂ ಗೌರವದ್ದೆಂದು ಎಣಿಸಲಾಗುವ ‘ರೋಬೋಕಾನ್ ಮಹಾಪ್ರಶಸ್ತಿ’ಯು ಶ್ರೇಷ್ಠವಾದ ಆಲೋಚನೆಯನ್ನು ಕೃತಿಗಿಳಿಸಿದ ತಂಡಕ್ಕೆ ದೊರೆಯುತ್ತದೆ, ಆ ತಂಡವು ಪಂದ್ಯದಲ್ಲಿ ಸೋತಿದ್ದರೂ ಅಡ್ಡಿಯಿಲ್ಲ. ಗೆಲುವು ಬೇರೆ, ಹಿರಿಮೆ ಬೇರೆ ಎಂಬ ವಿವೇಕವನ್ನು ಸ್ಪರ್ಧೆಯ ರಚನೆಯೊಳಗೇ ಸೇರಿಸಿದ್ದಾರೆ.

ಚಕ್ರವನ್ನು ಬಿಟ್ಟು ಹೆಜ್ಜೆ ಹಿಡಿದ ಯಂತ್ರ

ಅಮೆರಿಕದಲ್ಲಿ ಡೀನ್ ಕಾಮೆನ್ ಅವರು 1989ರಲ್ಲಿ ಸ್ಥಾಪಿಸಿದ ‘ಫಸ್ಟ್’ ಎಂಬ ಸಂಸ್ಥೆಯು 1992ರಿಂದ ಪ್ರೌಢಶಾಲೆಯ ಮಕ್ಕಳಿಗಾಗಿ ಇಂತಹುದೇ ಸ್ಪರ್ಧೆ ನಡೆಸುತ್ತಿದೆ. ಪ್ರತಿ ವರ್ಷ ಹೊಸ ಆಟ. ಆಟದ ನಿಯಮ ಪ್ರಕಟವಾದ ಮೇಲೆ ಯಂತ್ರ ಕಟ್ಟಲು ಆ ದಿನಗಳಲ್ಲಿ ಇದ್ದ ಅವಧಿ ಆರು ವಾರ ಮಾತ್ರ.

2002ರ ಆಟದಲ್ಲಿ ಮೈದಾನದ ಮೇಲೆ ಚಲಿಸುವ ಮೂರು ಭಾರವಾದ ಗೋಲುಗಳಿದ್ದವು. ಅವನ್ನು ಎಳೆದು ತಮ್ಮ ವಲಯಕ್ಕೆ ತಂದವರಿಗೆ ಅಂಕ. ಸಹಜವಾಗಿಯೇ ಎಲ್ಲ ತಂಡಗಳೂ ಬಲವಾದ ಮೋಟಾರು, ಹಿಡಿತವುಳ್ಳ ಚಕ್ರ ಎಂದು ಯೋಚಿಸಿದವು. ಇಂಡಿಯಾನಾ ರಾಜ್ಯದ ಹ್ಯಾಮಂಡ್ ಪಟ್ಟಣದ 71ನೆಯ ಸಂಖ್ಯೆಯ ತಂಡದ ಯಂತ್ರವು ಚಕ್ರಗಳ ಮೇಲೆ ಮುನ್ನುಗ್ಗಿ ಮೂರು ಗೋಲುಗಳನ್ನೂ ಹಿಡಿದುಕೊಂಡಿತು. ಬಳಿಕ ನೆರೆದವರು ಕಣ್ಣರಳಿಸುವಂತೆ ತನ್ನ ಹೊಟ್ಟೆಯ ಕೆಳಗಿನಿಂದ ಚಪ್ಪಟೆಯಾದ ಪಾದಗಳನ್ನು ಇಳಿಸಿತು. ಆ ಪಾದಗಳ ತಳಕ್ಕೆ ಅಂಟಿಸಿದ್ದದ್ದು ಅರದ ಹಲ್ಲುಗಳಲ್ಲಿ ಸಿಕ್ಕಿಕೊಂಡ ಲೋಹದ ಪುಡಿಯನ್ನು ತೆಗೆಯುವ ಸಾಮಾನ್ಯ ತಂತಿ ಬ್ರಷ್ಷು. ಸಣ್ಣ ತಂತಿಗಳು ನೆಲಹಾಸಿನ ಎಳೆಗಳೊಳಗೆ ಇಳಿದು ಕಚ್ಚಿಕೊಂಡವು. ಯಂತ್ರವು ಒಂದೊಂದೇ ಹೆಜ್ಜೆಯಾಗಿ, ಅತಿ ನಿಧಾನವಾಗಿ, ಮೂರು ಗೋಲುಗಳನ್ನೂ ಹೊತ್ತು ನಡೆಯತೊಡಗಿತು. ಎದುರಾಳಿಗಳು ಎಷ್ಟು ನೂಕಿದರೂ ಅದು ಹಿಂದೆ ಸರಿಯಲಿಲ್ಲ. ಆ ವರ್ಷದ ವಿಜೇತರಲ್ಲಿ ಆ ತಂಡವೂ ಒಂದು.

ಇದರ ಮರ್ಮವನ್ನು ಎರೆಹೊಲದ ರೈತರಿಗೆ ಹೆಚ್ಚು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಹೂತು ನಿಂತಾಗ, ಗಾಲಿ ಎಷ್ಟು ತಿರುಗಿದರೂ ಪ್ರಯೋಜನವಿಲ್ಲ. ಎತ್ತಿನ ಗೊರಸು ನೆಲವನ್ನು ಒತ್ತಿ ಹಿಡಿದರೆ ಮಾತ್ರ ಬಂಡಿ ಏಳುತ್ತದೆ. ಗಾಲಿಯ ಎಳೆತಕ್ಕೆ ಮಿತಿ ಹಾಕುವುದು ಮೋಟಾರಿನ ಬಲವಲ್ಲ, ನೆಲದೊಡನೆ ಇರುವ ಘರ್ಷಣೆ. ಇತರ ತಂಡಗಳು ಮೋಟಾರಿನ ಬಲವನ್ನು ಹೆಚ್ಚಿಸುವ ಯೋಚನೆಯಲ್ಲಿದ್ದಾಗ ಈ ಮಕ್ಕಳು ನೆಲದ ಹಿಡಿತವನ್ನು ಕುರಿತು ಯೋಚಿಸಿದರು. ಪ್ರಶ್ನೆ ಬದಲಾದುದರಿಂದ ಉತ್ತರವೂ ಬದಲಾಯಿತು.

ಓಡದೆ ನಿಂತು ಆಡಿದ ಯಂತ್ರ

2010ರ ಆಟ ಕಾಲ್ಚೆಂಡಿನ ಮಾದರಿಯದು. ಗೋಲಿನೊಳಗೆ ಹೋದ ಚೆಂಡನ್ನು ತಂಡದವರು ಎತ್ತಿ, ಎತ್ತರದ ಹಳಿಯೊಂದರ ಮೂಲಕ ಮತ್ತೆ ಮೈದಾನದ ನಡುಭಾಗಕ್ಕೆ ಕಳುಹಿಸಬೇಕೆಂಬುದು ನಿಯಮ. ಎಲ್ಲರೂ ಚೆಂಡನ್ನು ಬೆನ್ನಟ್ಟುವ, ಒದೆಯುವ, ತಡೆಯುವ ಯಂತ್ರಗಳನ್ನು ಕಟ್ಟಿದರು. ಮಿಷಿಗನ್ ರಾಜ್ಯದ 469ನೆಯ ತಂಡದ ವಿದ್ಯಾರ್ಥಿಗಳು ನಿಯಮದ ಆ ಒಂದು ಸಾಲಿನ ಮೇಲೆ ಬೆರಳಿಟ್ಟರು. ಚೆಂಡು ಎಲ್ಲಿಗೆ ಹೋದರೂ ಕೊನೆಗೆ ಬರುವುದು ಇದೇ ಜಾಗಕ್ಕೆ ಎಂದಾದರೆ, ಅದನ್ನು ಬೆನ್ನಟ್ಟುವುದೇಕೆ? ಅವರ ಯಂತ್ರವು ಚೆಂಡು ಬೀಳುವ ಸ್ಥಳಕ್ಕೆ ಹೋಗಿ ನಿಂತು, ತನ್ನ ಮೇಲಿದ್ದ ಜಾರುದಾರಿಯನ್ನು ಎತ್ತಿತು. ಮೇಲಿನಿಂದ ಬಂದ ಚೆಂಡು ಜಾರಿ ನೇರವಾಗಿ ಗೋಲಿನತ್ತ ಉರುಳಿತು. ಗೋಲಾದ ಚೆಂಡು ನಿಯಮದಂತೆ ಮತ್ತೆ ಹಳಿಗೆ, ಹಳಿಯಿಂದ ಮತ್ತೆ ಯಂತ್ರದ ಮೇಲಕ್ಕೆ, ಅಲ್ಲಿಂದ ಮತ್ತೆ ಗೋಲಿಗೆ. ಯಂತ್ರ ನಿಂತಲ್ಲೇ ಇತ್ತು, ಅಂಕಗಳು ಏರುತ್ತಿದ್ದವು.

ಮಲಪ್ರಭೆಯ ಕಾಲುವೆಯ ನೀರನ್ನು ಕೊಡದಲ್ಲಿ ಹೊತ್ತು ಹೊಲಕ್ಕೆ ಸುರಿಯುವವರುಂಟೆ? ಮಡುವಿನ ಬಾಯಿಗೆ ಒಂದು ಸಲಿಕೆ ಮಣ್ಣು ಹಾಕಿ ನೀರನ್ನು ತನ್ನತ್ತ ತಿರುಗಿಸಿಕೊಳ್ಳುವವನೇ ರೈತ. ಹರಿವಿನ ದಾರಿಯನ್ನು ಅರಿತವನಿಗೆ ಶ್ರಮ ಕಡಿಮೆ.

ಈ ಕಥೆಯ ಕೊನೆಯೂ ಅಷ್ಟೇ ಬೋಧಪ್ರದ. ಅಟ್ಲಾಂಟಾದಲ್ಲಿ ನಡೆದ ಅಂತಿಮ ಹಂತದಲ್ಲಿ 469ನೆಯ ತಂಡವಿದ್ದ ಮೈತ್ರಿಕೂಟ ಸೋತಿತು. ಅಷ್ಟು ಹೊತ್ತಿಗೆ ಎಲ್ಲರೂ ಅದರ ನಡೆಯನ್ನು ಅರಿತಿದ್ದರು, ಎದುರಾಳಿಗಳು ಅದಕ್ಕೆ ಸಿದ್ಧರಾಗಿಯೇ ಬಂದಿದ್ದರು. ಆದರೂ ಆ ವರ್ಷದ ಆಟವನ್ನು ನೆನೆಯುವವರು ಇಂದಿಗೂ ಮೊದಲು ಹೇಳುವುದು ಸೋತ ಆ ಯಂತ್ರದ ಹೆಸರನ್ನೇ.

ಚೆಂಡನ್ನು ಹಿಡಿಯದೆ ಹಿಡಿದ ಯಂತ್ರ

ರೋಬೋಟ್‌ಗಳ ಕಾಲ್ಚೆಂಡಿನ ವಿಶ್ವಪಂದ್ಯಾವಳಿ ‘ರೋಬೋಕಪ್’. ಅದರ ಸಣ್ಣ ಗಾತ್ರದ ವಿಭಾಗದಲ್ಲಿ ಯಂತ್ರವು ಚೆಂಡನ್ನು ಕೈಯಲ್ಲಿ ಹಿಡಿದಂತೆ ಹಿಡಿಯುವಂತಿಲ್ಲ. ಆದ್ದರಿಂದ ಮೊದಮೊದಲು ಯಂತ್ರಗಳು ಚೆಂಡನ್ನು ನೂಕುತ್ತ ಸಾಗುತ್ತಿದ್ದವು. ತಿರುಗಿದೊಡನೆ ಚೆಂಡು ಜಾರಿಹೋಗುತ್ತಿತ್ತು. 2000ದಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ನಡೆದ ಪಂದ್ಯಾವಳಿಗೆ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಯಂತ್ರಗಳ ಮುಂಭಾಗದಲ್ಲಿ ತಿರುಗುವ ರಬ್ಬರಿನ ದಂಡವೊಂದನ್ನು ಅಳವಡಿಸಿ ತಂದರು. ದಂಡ ತಾಗಿದ ಚೆಂಡು ಹಿಮ್ಮುಖವಾಗಿ ಸುತ್ತತೊಡಗುತ್ತದೆ. ಹಾಗೆ ಸುತ್ತುವ ಚೆಂಡು ತಾನಾಗಿಯೇ ಯಂತ್ರದತ್ತ ಉರುಳಲು ಬಯಸುತ್ತದೆ. ಯಂತ್ರ ಹಿಂದಕ್ಕೆ ಸರಿದರೆ ಚೆಂಡೂ ಸಾಕಿದ ಕರುವಿನಂತೆ ಹಿಂಬಾಲಿಸುತ್ತದೆ. ಚೆಂಡನ್ನು ಹಿಡಿದಿಲ್ಲ, ಆದರೆ ಬಿಟ್ಟೂ ಇಲ್ಲ. ಆ ವರ್ಷ ಗೆದ್ದವರು ಅವರೇ. ಮುಂದೆ ಈ ದಂಡವನ್ನು ಇತರ ತಂಡಗಳೂ ಅಳವಡಿಸಿಕೊಂಡವು. ಇಂದು ಅದಿಲ್ಲದ ಯಂತ್ರ ಆ ಮೈದಾನದಲ್ಲಿ ಅಪರೂಪ.

ಆ ವಿದ್ಯಾರ್ಥಿಗಳಿಗೆ ಮಾರ್ಗದರ್ಶಕರಾಗಿದ್ದವರು ರಫಾಯೆಲೊ ಡಿ’ಆಂಡ್ರಿಯಾ. ಮುಂದೆ ಅವರು ಇನ್ನಿಬ್ಬರೊಂದಿಗೆ ಸೇರಿ ಕೀವಾ ಸಿಸ್ಟಮ್ಸ್ ಎಂಬ ಉದ್ಯಮವನ್ನು ಕಟ್ಟಿದರು. ಅಲ್ಲಿಯೂ ಇಂತಹುದೇ ತಿರುವು. ದೊಡ್ಡ ಉಗ್ರಾಣಗಳಲ್ಲಿ ಕೆಲಸಗಾರರು ಸರಕನ್ನು ಹುಡುಕುತ್ತ ದಿನವಿಡೀ ನಡೆಯುತ್ತಿದ್ದರು. ಇವರ ತಗ್ಗಾದ ರೋಬೋಟ್‌ಗಳು ಕಪಾಟಿನ ಕೆಳಗೆ ನುಸುಳಿ ಕಪಾಟನ್ನೇ ಎತ್ತಿ ಕೆಲಸಗಾರರ ಬಳಿಗೆ ತಂದವು. 2012ರಲ್ಲಿ ಅಮೆಜಾನ್ ಸಂಸ್ಥೆಯು 77.5 ಕೋಟಿ ಡಾಲರ್ ಕೊಟ್ಟು ಆ ಉದ್ಯಮವನ್ನು ಕೊಂಡಿತು. ಹಿಂದೆ ಚೆಂಡಾಟದ ಯಂತ್ರಗಳನ್ನು ಕಟ್ಟಿಸಿದ ಕೈಗಳ ಅನುಭವವೇ ಇಲ್ಲಿ ಉದ್ಯಮದ ರೂಪ ಪಡೆಯಿತು.

ಬಡ ಶಾಲೆಯ ಮಕ್ಕಳು ತೋರಿದ ದಾರಿ

ಈ ಎಲ್ಲ ಕಥೆಗಳಲ್ಲಿ ನಮ್ಮ ಮನಸ್ಸಿಗೆ ಅತ್ಯಂತ ಹತ್ತಿರವಾದುದು 2004ರದು. ಅಮೆರಿಕದ ಸಾಂಟಾ ಬಾರ್ಬರಾದಲ್ಲಿ ನೀರೊಳಗೆ ಕೆಲಸ ಮಾಡುವ ರೋಬೋಟ್‌ಗಳ ಸ್ಪರ್ಧೆ. ಅರಿಜೋನಾದ ಫೀನಿಕ್ಸ್ ನಗರದ ಕಾರ್ಲ್ ಹೇಡನ್ ಪ್ರೌಢಶಾಲೆಯಿಂದ ನಾಲ್ವರು ಹುಡುಗರು ಬಂದರು. ಮೆಕ್ಸಿಕೋದಿಂದ ವಲಸೆ ಬಂದ ಬಡ ಕುಟುಂಬಗಳ ಮಕ್ಕಳು. ಆ ದೇಶದಲ್ಲಿ ನೆಲೆಸಲು ಬೇಕಾದ ಕಾಗದಪತ್ರಗಳೂ ಅವರಲ್ಲಿರಲಿಲ್ಲ. ಕಾಲೇಜು ವಿಭಾಗದಲ್ಲಿ ಸ್ಪರ್ಧಿಸಿದರೆ ಸೋತರೂ ಅವಮಾನವಿಲ್ಲ, ಕಲಿಯಲು ಸಿಗುವುದು ಹೆಚ್ಚು ಎಂದು ಅವರ ಶಿಕ್ಷಕರು ಆ ವಿಭಾಗಕ್ಕೇ ಹೆಸರು ಕೊಟ್ಟಿದ್ದರು. ನೀರಿನ ಪ್ಲಾಸ್ಟಿಕ್ ಪೈಪುಗಳನ್ನು ಅಂಟಿಸಿ ಕಟ್ಟಿದ ಅವರ ಯಂತ್ರದ ವೆಚ್ಚ ಸುಮಾರು 800 ಡಾಲರ್. ಅಂಟಿನ ವಾಸನೆ ಬಿಡದ ಕಾರಣ ಅದಕ್ಕೆ ‘ಸ್ಟಿಂಕಿ’, ಎಂದರೆ ‘ನಾತದ್ದು’, ಎಂದೇ ಹೆಸರಿಟ್ಟಿದ್ದರು. ಎದುರಾಳಿಗಳಲ್ಲಿ ಜಗತ್ಪ್ರಸಿದ್ಧ ಎಂಐಟಿಯ ತಂಡವಿತ್ತು. ಅವರಿಗೆ ದೊಡ್ಡ ತೈಲ ಕಂಪನಿಯೊಂದರ ಸಾವಿರಾರು ಡಾಲರುಗಳ ಬೆಂಬಲವಿತ್ತು.

ಸ್ಪರ್ಧೆಗೆ ಮುನ್ನ ಒಂದು ಆಪತ್ತು ಬಂತು. ವಿದ್ಯುತ್ ಭಾಗಗಳಿದ್ದ ಪೆಟ್ಟಿಗೆಯೊಳಗೆ ನೀರು ಜಿನುಗತೊಡಗಿತು. ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಲು ಸಮಯವಿಲ್ಲ. ಜಿನುಗುವ ನೀರನ್ನು ನಿಲ್ಲಿಸಲಾಗದಿದ್ದರೆ, ಅದನ್ನು ಹೀರಿಕೊಳ್ಳುವುದೇನಾದರೂ ಇದೆಯೆ ಎಂದು ಅವರು ಯೋಚಿಸಿದರು. ಅಂಗಡಿಗೆ ಹೋಗಿ, ಮುಟ್ಟಿನ ದಿನಗಳಲ್ಲಿ ಮಹಿಳೆಯರು ಬಳಸುವ ಟ್ಯಾಂಪೂನ್‌ಗಳನ್ನು ಕೊಂಡು ತಂದು ಪೆಟ್ಟಿಗೆಯೊಳಗೆ ಇಟ್ಟರು. ಯಂತ್ರ ಉಳಿಯಿತು. ಹತ್ತಿಯನ್ನು ಬೆಳೆಯುವ, ಮುಟ್ಟನ್ನು ಮೈಲಿಗೆಯೆಂದು ಬಗೆಯಬಾರದೆಂದು ಸಾರಿದ ಶರಣರ ನಾಡಿನವರಾದ ನಮಗೆ ಇದರಲ್ಲಿ ನಗುವಂತಹುದೇನೂ ಇಲ್ಲ. ವಸ್ತುವಿನ ಗುಣವನ್ನು ಕಂಡ ಹುಡುಗರು ಸಂಕೋಚವನ್ನು ಬದಿಗಿಟ್ಟರು, ಅಷ್ಟೆ.

ನೀರಿನಾಳದಲ್ಲಿಟ್ಟ ಪೀಪಾಯಿಯೊಂದರಿಂದ ಸಣ್ಣ ಕೊಳವೆಯ ಮೂಲಕ ದ್ರವದ ಮಾದರಿಯನ್ನು ತರುವುದು ಸ್ಪರ್ಧೆಯ ಕಠಿಣ ಕಾರ್ಯಗಳಲ್ಲೊಂದು. ಎಂಐಟಿಯ ಯಂತ್ರಕ್ಕೆ ಅದು ಸಾಧ್ಯವಾಗಲಿಲ್ಲ. ‘ಸ್ಟಿಂಕಿ’ಯು ಬಾಗಿಸಿದ ತಾಮ್ರದ ಕೊಳವೆಯನ್ನು ತೂರಿಸಿ, ಸಣ್ಣ ಪಂಪಿನಿಂದ ದ್ರವವನ್ನು ಹೀರಿ, ಬಲೂನಿನೊಳಗೆ ತುಂಬಿಕೊಂಡು ಮೇಲೆ ಬಂದಿತು. ತೀರ್ಪುಗಾರರ ಪ್ರಶ್ನೆಗಳಿಗೆ ಆ ಮಕ್ಕಳು ಕೊಟ್ಟ ಉತ್ತರ, ಬರೆದ ತಾಂತ್ರಿಕ ವರದಿ ಎಲ್ಲವನ್ನೂ ಲೆಕ್ಕಿಸಿ ಒಟ್ಟಾರೆ ಪ್ರಥಮ ಸ್ಥಾನವನ್ನು ಕಾರ್ಲ್ ಹೇಡನ್ ಶಾಲೆಗೆ ನೀಡಲಾಯಿತು. ಎಂಐಟಿ ಎರಡನೆಯದು.

ಜಾಣ್ಮೆಗೂ ಕುತಂತ್ರಕ್ಕೂ ಇರುವ ಅಂತರ

ಅನಿರೀಕ್ಷಿತ ನಡೆಗಳನ್ನು ಮೆಚ್ಚುವಾಗ ಒಂದು ಎಚ್ಚರವೂ ಬೇಕು. ನಿಯಮದಲ್ಲಿ ಸಂದು ಹುಡುಕಿ ಎದುರಾಳಿಗೆ ಮೋಸಮಾಡುವುದು ಬೇರೆ. ನಿಯಮವನ್ನು ಎಲ್ಲರಿಗಿಂತ ಆಳವಾಗಿ ಓದಿ, ಅದರೊಳಗೇ ಹೊಸ ದಾರಿ ಕಾಣುವುದು ಬೇರೆ. ತಂತಿ ಬ್ರಷ್ಷಿನ ಪಾದಗಳು ಅಂದು ನಿಯಮಕ್ಕೆ ಹೊರತಾಗಿರಲಿಲ್ಲ. ಆದರೆ ಅಂತಹವು ನೆಲಹಾಸಿಗೆ ಹಾನಿ ಮಾಡಬಲ್ಲವಾದ್ದರಿಂದ, ನೆಲವನ್ನು ಕಚ್ಚುವ ಲೋಹದ ಭಾಗಗಳನ್ನು ನಂತರದ ನಿಯಮಗಳು ನಿಷೇಧಿಸಿದವು. ಇದರಲ್ಲಿ ಯಾರ ತಪ್ಪೂ ಇಲ್ಲ; ಆಟ ಬೆಳೆಯುವುದೇ ಹೀಗೆ.

‘ಫಸ್ಟ್’ ಸ್ಪರ್ಧೆಯ ಸ್ವರೂಪವನ್ನು ರೂಪಿಸುವಲ್ಲಿ ಜೊತೆಯಾದ ಎಂಐಟಿಯ ಪ್ರಾಧ್ಯಾಪಕ ವುಡಿ ಫ್ಲವರ್ಸ್ ಅವರು ಇದಕ್ಕೆ ‘ಸೌಜನ್ಯದಿಂದ ಕೂಡಿದ ವೃತ್ತಿಧರ್ಮ’ ಎಂಬ ಅರ್ಥದ ಮಾತೊಂದನ್ನು ಕೊಟ್ಟರು. ಕಠಿಣವಾಗಿ ಸ್ಪರ್ಧಿಸು, ಆದರೆ ಎದುರಾಳಿಯ ಯಂತ್ರ ಕೆಟ್ಟರೆ ನಿನ್ನ ಸಲಕರಣೆಯನ್ನು ಕೊಟ್ಟು ಸರಿಪಡಿಸಲು ನೆರವಾಗು ಎಂಬುದು ಅದರ ಸಾರ. ಅಲ್ಲಿ ಒಂದು ಪಂದ್ಯದ ಮಿತ್ರ ಮುಂದಿನ ಪಂದ್ಯದ ಎದುರಾಳಿ. ಆದ್ದರಿಂದ ದ್ವೇಷ ಕಟ್ಟಿಕೊಂಡವರಿಗೆ ಅಲ್ಲಿ ಏಳಿಗೆಯಿಲ್ಲ.

ನಮ್ಮ ನೆಲದಲ್ಲಿ

ಇಂತಹ ಬುದ್ಧಿ ದೂರದ ದೇಶಗಳ ಸೊತ್ತೆಂದು ಭಾವಿಸಬಾರದು. ನಮ್ಮ ನೆರೆಯ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರನ್ನು ನೆನೆಯೋಣ. ಬೆಳಗ್ಗೆ ಬೇಗ ಏಳಲಾಗದ ತನ್ನ ಅಭ್ಯಾಸವನ್ನು ಗೆಲ್ಲಲು ಅವರು ಯುವಕರಾಗಿದ್ದಾಗ ಒಂದು ಉಪಾಯ ಮಾಡಿದರು. ಅಲಾರಾಂ ಗಡಿಯಾರದ ಕೀಲಿಗೆ ದಾರ ಕಟ್ಟಿದರು. ಗಂಟೆ ಬಾರಿಸುತ್ತ ಕೀಲಿ ತಿರುಗಿದಂತೆ ದಾರ ಸುತ್ತಿಕೊಂಡು ನೀರಿನ ಬಾಟಲಿಯನ್ನು ಬಾಗಿಸುತ್ತಿತ್ತು. ತಣ್ಣೀರು ಮುಖದ ಮೇಲೆ ಸುರಿಯುತ್ತಿತ್ತು. ಸದ್ದು ಸಾಲದೆಂದಾದರೆ ನೀರು ಎಂದು ಯೋಚಿಸಿದ ಆ ಮನಸ್ಸೇ ಮುಂದೆ ಹುಣಸೆಯ ಬೀಜ ಬೇರ್ಪಡಿಸುವ ಯಂತ್ರವನ್ನೂ, ಬೀಜ-ಗೊಬ್ಬರದ ಕೂರಿಗೆಯನ್ನೂ, ಕಬ್ಬು ನಾಟಿಯ ಸಲಕರಣೆಯನ್ನೂ ಕಟ್ಟಿತು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ದೆಹಲಿಯಲ್ಲಿ ರೋಬೋಟ್‌ಗಳು ಲಗೋರಿ ಆಡಿದ್ದೂ ಅದೇ ವರ್ಷ.

ಸರಕಾರಿ ಶಾಲೆಯ ಮಕ್ಕಳಿಗೂ ಇಂದು ದಾರಿಗಳು ತೆರೆದಿವೆ. 2016ರಿಂದ ನೀತಿ ಆಯೋಗದ ‘ಅಟಲ್ ಟಿಂಕರಿಂಗ್ ಲ್ಯಾಬ್’ ಯೋಜನೆಯಡಿ ಆಯ್ಕೆಯಾದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳ ವರೆಗೆ ಅನುದಾನ ದೊರೆಯುತ್ತದೆ. 6ರಿಂದ 12ನೆಯ ತರಗತಿಯ ಮಕ್ಕಳು ಅಲ್ಲಿ ತಮ್ಮ ಕೈಯಾರೆ ಕಟ್ಟಿ ಕಲಿಯಬಹುದು. ಆದರೆ ಮಕ್ಕಳು ಮುರಿದಾರೆಂಬ ಭಯದಿಂದ ಸಲಕರಣೆಗಳು ಎಲ್ಲಿಯಾದರೂ ಕಪಾಟಿನೊಳಗೇ ಕೀಲಿಯಲ್ಲಿ ಉಳಿದರೆ, ಅವು ಇದ್ದೂ ಇಲ್ಲದಂತೆ. ಮುರಿದ ಯಂತ್ರವನ್ನು ಮತ್ತೆ ಕೊಳ್ಳಬಹುದು. ಮುಟ್ಟಬೇಡ ಎಂಬ ಮಾತನ್ನು ಕೇಳಿ ಬತ್ತಿದ ಕುತೂಹಲವನ್ನು ಕೊಳ್ಳಲಾಗದು.

ಲ್ಯಾಬ್ ಇಲ್ಲದ ಊರಿನಲ್ಲಿಯೂ ಆರಂಭಿಸಬಹುದು. ಲಗೋರಿಯ ಕಲ್ಲುಗಳನ್ನು ಕೈಯಿಂದ ಮುಟ್ಟದೆ ಪೇರಿಸಿರೆಂದು ಮಕ್ಕಳಿಗೆ ಹೇಳಿ ನೋಡಿರಿ. ರಟ್ಟು, ದಾರ, ಸೈಕಲ್ ಟ್ಯೂಬಿನ ತುಂಡು, ಹಳೆಯ ಕೊಡೆಯ ಕಡ್ಡಿ ಇಷ್ಟನ್ನು ಕೊಟ್ಟರೆ ಸಾಕು. ಆಗ ಮೂರು ಪ್ರಶ್ನೆಗಳನ್ನು ಕೇಳಲು ಅವರಿಗೆ ಕಲಿಸೋಣ. ನಿಯಮ ನಿಜವಾಗಿ ಕೇಳುತ್ತಿರುವ ಕೆಲಸ ಯಾವುದು? ಎಲ್ಲರೂ ಬಲ ಹಾಕುತ್ತಿರುವ ಜಾಗದಲ್ಲೇ ಅಡಚಣೆ ಇದೆಯೆ, ಬೇರೆಡೆ ಇದೆಯೆ? ಕೈಯಲ್ಲಿರುವ ಅಗ್ಗದ ವಸ್ತುವಿಗೆ ನಾವು ಇನ್ನೂ ಗಮನಿಸದ ಗುಣವೇನಾದರೂ ಇದೆಯೆ?

ಹ್ಯಾಮಂಡಿನ ಮಕ್ಕಳಿಗೆ ಎರಡನೆಯ ಪ್ರಶ್ನೆ ಗೆಲುವು ತಂದಿತು. ಮಿಷಿಗನ್ನಿನವರಿಗೆ ಮೊದಲನೆಯದು ಕೀರ್ತಿ ತಂದಿತು. ಫೀನಿಕ್ಸಿನ ಹುಡುಗರನ್ನು ಮೂರನೆಯದು ಉಳಿಸಿತು. ಶಲವಡಿಯ ಅಂಗಳದಲ್ಲಿ ಕಲ್ಲು ಪೇರಿಸುತ್ತಿರುವ ಹುಡುಗಿಗೂ ಈ ಪ್ರಶ್ನೆಗಳು ಅಷ್ಟೇ ಸಲ್ಲುತ್ತವೆ. ಅವಳು ಕೇಳಲಾರಂಭಿಸಿದಾಗ ಹಿರಿಯರಾದ ನಾವು ಉತ್ತರ ಹೇಳಲು ಆತುರಪಡದೆ, ಪಕ್ಕದಲ್ಲಿ ಕುಳಿತು ಅವಳ ಮುಂದಿನ ನಡೆಗಾಗಿ ಕಾಯೋಣ.